ದೊಡ್ಡಪ್ಪನ ಹಾರ್ಲಿಕ್ಸ್ ಬಾಟಲಿಯಲ್ಲಿದ್ದ ಅಮೆರಿಕದ ಚಿಲ್ಲರೆ

ಹೋದ ತಿಂಗಳು ಮಂಡ್ಯದಿಂದ ದೊಡ್ಡಮ್ಮ ಫೋನ್ ಮಾಡಿದ್ದರು. ದೊಡ್ಡಪ್ಪನ ಬೀರು ಖಾಲಿ ಮಾಡುತ್ತಿದ್ದರಂತೆ. ಬಟ್ಟೆಗಳ ಹಿಂದೆ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ಸಿಕ್ಕಿದೆ, ಅದರ ತುಂಬ ಅಮೆರಿಕದ ಚಿಲ್ಲರೆ. ಪೇಟೆಬೀದಿಯ ಒಂದು ಅಂಗಡಿಗೆ ತಗೊಂಡು ಹೋಗಿದ್ದಾರೆ. ಅಂಗಡಿಯವನು ಒಂದು ಹಿಡಿ ತೆಗೆದು ನೋಡಿ, "ಎಲ್ಲಾ ಮಿಕ್ಸು ಕಣಮ್ಮ, ಬೆಳ್ಳಗಿದ್ದ ಮಾತ್ರಕ್ಕೆ ಬೆಳ್ಳಿ ಆಗಲ್ಲ, ಬಾಟ್ಲಿ ಸಮೇತ ಇಷ್ಟು ಅಂತ ಕೊಡ್ತೀನಿ" ಅಂದನಂತೆ.

"ಏನ್ ಮಾಡದು ಮಗ? ಪಾಪುಗೆ ಮುಂದ್ಲ ವರ್ಷ ಮದ್ವೆ. ಕರಗ್ಸಿ ಒಂದ್ ಜೊತೆ ದೀಪ ಮಾಡ್ಸನ ಅಂತಿದ್ದೆ."

ಕೊಡಬೇಡಿ, ಭಾನುವಾರ ನಾನೇ ಬರ್ತೀನಿ, ಅಲ್ಲಿವರೆಗೆ ತೊಳೆಯೋಕೂ ಹೋಗಬೇಡಿ ಅಂದೆ. ನಾಣ್ಯದ ಹುಚ್ಚು ನನಗೆ ಹೈಸ್ಕೂಲಿನಿಂದ ಇದೆ. ಮನೆಯಲ್ಲೇ ಇಂಥ ಬಾಟಲಿ ಇದ್ದದ್ದು ಮಾತ್ರ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮೈಸೂರಿನಿಂದ ರೈಲು ಹತ್ತಿದೆ. ಜೊತೆಗೆ ಒಂದು ಭೂತಗನ್ನಡಿ, ಫ್ರಿಜ್ ಬಾಗಿಲಿಗೆ ಅಂಟಿಸುವ ಒಂದು ಅಯಸ್ಕಾಂತ, ಗ್ರಾಂನ ನೂರನೇ ಭಾಗದವರೆಗೂ ತೋರಿಸುವ ಅಂಗೈಯಗಲದ ತಕ್ಕಡಿ. ಅಮೆರಿಕದ ಹಳೇ ನಾಣ್ಯ ನೋಡೋದಕ್ಕೆ ಇಷ್ಟಿದ್ದರೆ ಮುಕ್ಕಾಲು ಕೆಲಸ ಆಗುತ್ತೆ.

ದೊಡ್ಡಪ್ಪ ಮೈಸೂರಿನ ಎನ್‌ಐಇಯಲ್ಲಿ ಎಂಜಿನಿಯರಿಂಗ್ ಮುಗಿಸಿ 1962ರಲ್ಲಿ ಅಮೆರಿಕದ ಒಹಾಯೋಗೆ ಓದಲು ಹೋದವರು. ಅಲ್ಲೇ ಕೆಲಸ ಮಾಡಿ 1970ರಲ್ಲಿ ವಾಪಸ್ ಬಂದರು. ನಾವು ಚಿಕ್ಕವರಿದ್ದಾಗ ಅವರು ಒಂದು ಮಾತು ಹೇಳುತ್ತಿದ್ದರು: "ನಾನ್ ಹೋದಾಗ ಆ ದೇಶದಲ್ಲಿ ಜೇಬಲ್ಲಿ ಬೆಳ್ಳಿ ಓಡಾಡ್ತಿತ್ತು, ಬರೋ ಹೊತ್ಗೆ ತಾಮ್ರ ಆಗಿತ್ತು." ನಮಗೆ ಅದು ಒಗಟಿನ ಥರ ಕೇಳಿಸುತ್ತಿತ್ತು. ಬಾಟಲಿಯನ್ನು ಪೇಪರ್ ಮೇಲೆ ಸುರಿದಾಗ ಆ ಮಾತು ಕಣ್ಣೆದುರೇ ಬಿದ್ದಿತ್ತು.

ಯಾಕೆಂದರೆ 1964ರವರೆಗೆ ಅಮೆರಿಕದ ಹತ್ತು ಸೆಂಟಿನ ಡೈಮ್, ಇಪ್ಪತ್ತೈದು ಸೆಂಟಿನ ಕ್ವಾರ್ಟರ್, ಅರ್ಧ ಡಾಲರ್, ಈ ಮೂರೂ ಶೇಕಡ 90 ಬೆಳ್ಳಿ, ಉಳಿದ 10 ತಾಮ್ರ. ಅರವತ್ತರ ದಶಕದಲ್ಲಿ ಬೆಳ್ಳಿ ಬೆಲೆ ಏರುತ್ತಾ ಹೋಗಿ, ನಾಣ್ಯದ ಮೇಲೆ ಬರೆದ ಬೆಲೆಗಿಂತ ಒಳಗಿನ ಬೆಳ್ಳಿಯೇ ಜಾಸ್ತಿ ಬಾಳುವ ದಿನ ಹತ್ತಿರ ಬಂತು. ಜನ ಚಿಲ್ಲರೆ ಕೂಡಿಡಲು ಶುರು ಮಾಡಿದರು, ಅಂಗಡಿಗಳಲ್ಲಿ ಚಿಲ್ಲರೆಗೆ ಬರ ಬಂತು. 1965ರ ಜುಲೈನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ಕಾಯ್ದೆಗೆ ಸಹಿ ಹಾಕಿದರು. ಡೈಮ್ ಮತ್ತು ಕ್ವಾರ್ಟರ್‌ಗಳಲ್ಲಿ ಬೆಳ್ಳಿ ಪೂರ್ತಿ ನಿಂತಿತು. ನಡುವೆ ಅಪ್ಪಟ ತಾಮ್ರ, ಎರಡೂ ಮುಖಕ್ಕೆ ತಾಮ್ರ-ನಿಕ್ಕಲ್ ಬೆರಕೆಯ ಹೊದಿಕೆ. ಮೇಲಿನಿಂದ ನೋಡಿದರೆ ಹಳೆಯದರ ಹಾಗೇ ಬೆಳ್ಳಗೆ.

ಹಾಗಾಗಿ ಮೊದಲು ನೋಡಬೇಕಾದ್ದು ಅಂಚು. ನಾಣ್ಯವನ್ನು ಬೆರಳ ನಡುವೆ ಹಿಡಿದು ಅಂಚನ್ನು ಬೆಳಕಿಗೆ ತಿರುಗಿಸಿ. ಸುತ್ತ ಕೆಂಪಗೆ ತಾಮ್ರದ ಗೆರೆ ಕಂಡರೆ ಅದು 1965 ಅಥವಾ ಆಮೇಲಿನದ್ದು, ಬೆಳ್ಳಿ ಇಲ್ಲ. ಈ ಮೂರು ಥರದ ನಾಣ್ಯದಲ್ಲಿ ಅಂಚೂ ಪೂರ್ತಿ ಬೆಳ್ಳಗಿದ್ದರೆ ಬೆಳ್ಳಿ. ಇಸವಿ ಸವೆದು ಓದಲಾಗದಿದ್ದರೂ ಈ ಗುರುತು ಮೋಸ ಮಾಡೋದು ಕಡಿಮೆ. ದೊಡ್ಡಮ್ಮನಿಗೆ ಒಂದು ಸಲ ತೋರಿಸಿದೆ, ಅಷ್ಟೇ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಕನ್ನಡಕ ಏರಿಸಿಕೊಂಡು ನನಗಿಂತ ಬೇಗ ವಿಂಗಡಿಸಿಬಿಟ್ಟರು.

ಬೆಳ್ಳಿಯ ಗುಡ್ಡೆಗೆ 7 ಡೈಮ್, 5 ಕ್ವಾರ್ಟರ್, ಅಧ್ಯಕ್ಷ ಕೆನಡಿಯ ಚಿತ್ರ ಇರುವ 1964ರ ಒಂದು ಅರ್ಧ ಡಾಲರ್ ಬಂದವು. ಇಲ್ಲೊಂದು ಲೆಕ್ಕ ನನಗೆ ತುಂಬಾ ಇಷ್ಟ. ಬೆಳ್ಳಿ ಡೈಮ್ 2.5 ಗ್ರಾಂ, ಕ್ವಾರ್ಟರ್ 6.25 ಗ್ರಾಂ, ಅರ್ಧ ಡಾಲರ್ 12.5 ಗ್ರಾಂ. ಅಂದರೆ ಹತ್ತು ಡೈಮ್ ಇಡಿ, ನಾಲ್ಕು ಕ್ವಾರ್ಟರ್ ಇಡಿ, ಎರಡು ಅರ್ಧ ಡಾಲರ್ ಇಡಿ, ಒಂದು ಡಾಲರ್ ಚಿಲ್ಲರೆ ಯಾವಾಗಲೂ 25 ಗ್ರಾಂ. ಅದರಲ್ಲಿ ಅಪ್ಪಟ ಬೆಳ್ಳಿ 22.5 ಗ್ರಾಂ. ಒಂದೊಂದನ್ನೇ ತೂಗುವ ರಗಳೆ ಇಲ್ಲ, ಸೆಂಟು ಕೂಡಿಸಿದರೆ ಸಾಕು. ನಮ್ಮದು 2 ಡಾಲರ್ 45 ಸೆಂಟು. ಟಂಕಸಾಲೆಯಿಂದ ಹೊರಟಾಗ 61.25 ಗ್ರಾಂ ಇದ್ದಿರಬೇಕು. ತಕ್ಕಡಿ 60.4 ತೋರಿಸಿತು. ಆ ಮುಕ್ಕಾಲು ಗ್ರಾಂಗೂ ಸ್ವಲ್ಪ ಮೇಲ್ಪಟ್ಟ ಬೆಳ್ಳಿ ಯಾರ್ಯಾರದೋ ಜೇಬು, ಗಲ್ಲಾಪೆಟ್ಟಿಗೆಗಳಲ್ಲಿ ಸವೆದು ಹೋಗಿದೆ.

ಬೆಳ್ಳಿ ಅಲ್ಲ ಅಂತ ಪಕ್ಕಕ್ಕೆ ಹಾಕಿದ್ದ ನಾಣ್ಯಗಳಲ್ಲಿ ಎರಡನ್ನು ನಾನು ವಾಪಸ್ ತೆಗೆದೆ. ಒಂದು 1967ರ ಕೆನಡಿ ಅರ್ಧ ಡಾಲರ್. 1965ರಲ್ಲಿ ಡೈಮ್, ಕ್ವಾರ್ಟರ್‌ನಿಂದ ಬೆಳ್ಳಿ ತೆಗೆದರೂ ಅರ್ಧ ಡಾಲರ್‌ನಲ್ಲಿ 1970ರವರೆಗೆ ಶೇಕಡ 40 ಉಳಿಸಿಕೊಂಡರು. ತೂಕ 11.5 ಗ್ರಾಂ, ಒಳಗೆ 4.6 ಗ್ರಾಂ ಬೆಳ್ಳಿ. ಇದರ ಅಂಚು ಪೂರ್ತಿ ಬಿಳಿಯೂ ಅಲ್ಲ, ಎದ್ದು ಕಾಣುವ ಕೆಂಪೂ ಅಲ್ಲ, ಮಂಕು. ಅದಕ್ಕೇ ಗೊಂದಲ. ಇನ್ನೊಂದು 1943ರ ಐದು ಸೆಂಟು. ಅದನ್ನು ಕರೆಯೋದೇ ನಿಕ್ಕಲ್ ಅಂತ, ಆದರೆ ಎರಡನೇ ಮಹಾಯುದ್ಧದಲ್ಲಿ ನಿಕ್ಕಲ್ ಲೋಹ ಸೇನೆಗೆ ಬೇಕಾಯಿತು. 1942ರ ಅಕ್ಟೋಬರ್‌ನಿಂದ 1945ರವರೆಗೆ ಆ ನಾಣ್ಯದಲ್ಲಿ ನಿಕ್ಕಲ್ ಒಂದು ಚೂರೂ ಇರಲಿಲ್ಲ. ಶೇಕಡ 56 ತಾಮ್ರ, 35 ಬೆಳ್ಳಿ, 9 ಮ್ಯಾಂಗನೀಸ್. ಗುರುತು ಹಿಡಿಯಲು ಹಿಂಬದಿಯ ಗುಮ್ಮಟದ ಕಟ್ಟಡದ ಮೇಲೆ ದೊಡ್ಡದಾಗಿ ಟಂಕಸಾಲೆಯ ಗುರುತಿನ ಅಕ್ಷರ ಹಾಕಿದರು: ಫಿಲಡೆಲ್ಫಿಯಾದ್ದಕ್ಕೆ ಪಿ, ಡೆನ್ವರ್‌ನದ್ದಕ್ಕೆ ಡಿ, ಸ್ಯಾನ್ ಫ್ರಾನ್ಸಿಸ್ಕೋದ್ದಕ್ಕೆ ಎಸ್. ಫಿಲಡೆಲ್ಫಿಯಾ ಟಂಕಸಾಲೆ ತನ್ನ ಅಕ್ಷರ ಪಿ ಅನ್ನು ನಾಣ್ಯದ ಮೇಲೆ ಹಾಕಿದ್ದು ಅದೇ ಮೊದಲು. ಮ್ಯಾಂಗನೀಸ್ ಇರೋದರಿಂದ ಈ ನಾಣ್ಯ ಕಪ್ಪಗೆ, ಗಲೀಜಾಗಿ ಕಾಣುತ್ತೆ. ಬಾಟಲಿಯಲ್ಲಿದ್ದ ಐದು ಸೆಂಟುಗಳಲ್ಲೆಲ್ಲ ನೋಡಲು ಕೆಟ್ಟದಾಗಿದ್ದದ್ದು ಅದೇ, ಬೆಳ್ಳಿ ಇದ್ದದ್ದೂ ಅದರಲ್ಲೇ.

ಇದಕ್ಕೆ ತದ್ವಿರುದ್ಧ ಇನ್ನೊಂದು. ಅಣ್ಣ ಅಂದರೆ ದೊಡ್ಡಮ್ಮನ ಮಗ, ಈಚೆಗೆ ಅಮೆರಿಕದಿಂದ ಬಂದಾಗ ಹಾಕಿದ್ದ 2000ದ ಒಂದು ಡಾಲರ್, ಚಿನ್ನದ ಬಣ್ಣ. "ಇದೊಂದ್ ಚಿನ್ನದ್ದೇ ಕಣ್ ಮಗ" ಅಂತ ದೊಡ್ಡಮ್ಮ ಅದನ್ನು ಬೇರೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಅದರ ಮೇಲೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಸಕಾಜವಿಯಾ ಎಂಬ ಹೆಂಗಸಿನ ಚಿತ್ರ ಇದೆ. ನಡುವೆ ತಾಮ್ರ, ಹೊದಿಕೆ ಮ್ಯಾಂಗನೀಸ್ ಹಿತ್ತಾಳೆ. ಚಿನ್ನ ಸೊನ್ನೆ. ಅವರ ಮುಖ ಬಾಡಿದ್ದು ನೋಡಿ ಬೇಜಾರಾಯಿತು, ಆದರೆ ಸುಳ್ಳು ಹೇಳೋಕಾಗಲ್ಲ ಅಲ್ವಾ. 1776–1976 ಅಂತ ಎರಡು ಇಸವಿ ಇರುವ, ಡೋಲು ಬಾರಿಸುವವನ ಚಿತ್ರದ ಕ್ವಾರ್ಟರ್ ಕೂಡ ಹಾಗೇ. 1776 ಅಂತ ಓದಿ ಇನ್ನೂರೈವತ್ತು ವರ್ಷ ಹಳೆಯದು ಅಂದುಕೊಳ್ಳುತ್ತಾರೆ. ಅದು ಸ್ವಾತಂತ್ರ್ಯದ ಇನ್ನೂರನೇ ವರ್ಷದ ನೆನಪಿಗೆ ಹೊಡೆದದ್ದು, ಜನರ ಕೈಗೆ ಚಿಲ್ಲರೆಯಾಗಿ ಬಂದದ್ದೆಲ್ಲ ತಾಮ್ರ-ನಿಕ್ಕಲ್.

ಇನ್ನು ಸೆಂಟುಗಳು, ಅರವತ್ತಕ್ಕೂ ಜಾಸ್ತಿ. 1909ರಿಂದ 1958ರವರೆಗಿನ ಸೆಂಟಿನ ಹಿಂಬದಿಯಲ್ಲಿ ಎರಡು ಗೋಧಿ ತೆನೆ ಇರುತ್ತೆ, ಮುಂದೆ ಲಿಂಕನ್. ಇವು ಶೇಕಡ 95 ತಾಮ್ರ, ತೂಕ 3.11 ಗ್ರಾಂ. 1982ರಲ್ಲಿ ಸತುವಿನ ಮೇಲೆ ತೆಳುವಾಗಿ ತಾಮ್ರ ಲೇಪಿಸಿ 2.5 ಗ್ರಾಂಗೆ ಇಳಿಸಿದರು. ಆ ಒಂದು ವರ್ಷದಲ್ಲಿ ಮಾತ್ರ ಎರಡೂ ಥರ ಇವೆ, ಬರೀ ನೋಡಿ ಹೇಳೋಕಾಗಲ್ಲ, ತೂಗಬೇಕು. ಇಲ್ಲವೇ ಸಿಮೆಂಟ್ ನೆಲದ ಮೇಲೆ ಬೀಳಿಸಿದರೆ ಹಳೆಯದು ಟಿಣ್ ಅನ್ನುತ್ತೆ, ಹೊಸದು ಟಪ್ ಅನ್ನುತ್ತೆ. ಹಳೇ ಸೆಂಟಿನ ತಾಮ್ರ ಒಂದು ಸೆಂಟಿಗಿಂತ ಜಾಸ್ತಿ ಬೆಲೆ ಬಾಳುತ್ತೆ ಅಂತ ಜನ ಕರಗಿಸಬಾರದೆಂದು 2006ರ ಕೊನೆಯಲ್ಲೇ ಅಲ್ಲಿ ನಿಷೇಧ ತಂದರು. ಅಲ್ಲಿನ ಬೆಳ್ಳಿ ನಾಣ್ಯಗಳಿಗೆ ಆ ನಿಷೇಧ ಇಲ್ಲ.

ಸೆಂಟುಗಳ ನಡುವೆ ಒಂದು ಬೂದು ಬಣ್ಣದ್ದು ಇತ್ತು, 1943. ಅದನ್ನು ನೋಡಿದ ತಕ್ಷಣ ನನ್ನ ಎದೆ ಹೊಡೆದುಕೊಂಡಿತು. ಅಯಸ್ಕಾಂತ ಹತ್ತಿರ ತಂದೆ, ಟಕ್ ಅಂತ ಹಿಡಿಯಿತು. ಉಕ್ಕಿನದು. ಆ ವರ್ಷ ತಾಮ್ರ ಯುದ್ಧಕ್ಕೆ ಹೋಗಿದ್ದರಿಂದ ಸತು ಲೇಪಿಸಿದ ಉಕ್ಕಿನಲ್ಲಿ ಸೆಂಟು ಹೊಡೆದರು, ಮೂರು ಟಂಕಸಾಲೆ ಸೇರಿ 109 ಕೋಟಿ. ಅಪರೂಪ ಅಲ್ಲವೇ ಅಲ್ಲ. ಅಪರೂಪವಾದದ್ದು ಅದೇ 1943ರಲ್ಲಿ, ಹಿಂದಿನ ವರ್ಷದ ತಾಮ್ರದ ಬಿಲ್ಲೆ ಯಂತ್ರದಲ್ಲೇ ಉಳಿದು ತಪ್ಪಾಗಿ ಅಚ್ಚಾದ ಬೆರಳೆಣಿಕೆಯ ಸೆಂಟುಗಳು. ಅವಕ್ಕೆ ಲಕ್ಷ ಡಾಲರ್ ದಾಟಿ ಬೆಲೆ ಬಂದಿದೆ. ಹಾಗಾಗಿ ಉಕ್ಕಿನ ಸೆಂಟಿಗೆ ತಾಮ್ರ ಲೇಪಿಸಿ ಮಾರುವವರು ಇದ್ದಾರೆ, 1948ರ ಎಂಟನ್ನು ಕೆರೆದು ಮೂರು ಮಾಡುವವರೂ ಇದ್ದಾರೆ. ಮೊದಲನೆಯವರನ್ನು ಅಯಸ್ಕಾಂತ ಹಿಡಿದುಕೊಡುತ್ತೆ, ಎರಡನೆಯವರನ್ನು ಭೂತಗನ್ನಡಿ.

ಲೋಹದ ಬೆಲೆ ಹೀಗೆ ತಕ್ಕಡಿಯಲ್ಲಿ ಸಿಕ್ಕಿಬಿಡುತ್ತೆ. ಸಂಗ್ರಹದ ಬೆಲೆ ಹಾಗಲ್ಲ. ಎಷ್ಟು ಹೊಡೆದರು, ಅದರಲ್ಲಿ ಎಷ್ಟು ಉಳಿದಿವೆ, ಉಳಿದದ್ದು ಯಾವ ಸ್ಥಿತಿಯಲ್ಲಿದೆ, ಬೇಕು ಅನ್ನುವವರು ಎಷ್ಟು ಜನ, ಇಷ್ಟೂ ಸೇರಿ ಆ ಬೆಲೆ ಆಗುತ್ತೆ. ಹಳೆಯದು ಅನ್ನೋದು ಈ ಪಟ್ಟಿಯಲ್ಲಿ ಇಲ್ಲ. ನಮ್ಮ ಜನರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. 1964 ಅಂತ ಇಸವಿ ಇರುವ ಕ್ವಾರ್ಟರ್ ಎರಡು ಟಂಕಸಾಲೆ ಸೇರಿ 126 ಕೋಟಿ ಇವೆ. ಚಿಲ್ಲರೆಯ ಬರ ನೀಗಿಸಲು 1964 ಮುಗಿದ ಮೇಲೂ ಅದೇ ಇಸವಿ ಹಾಕಿ ಹೊಡೆಯುತ್ತಾ ಹೋದರು. ಸವೆದ 1964ರ ಕ್ವಾರ್ಟರ್ ಅಂದರೆ 5.6 ಗ್ರಾಂ ಬೆಳ್ಳಿ, ಅದಕ್ಕಿಂತ ಜಾಸ್ತಿ ಏನಲ್ಲ. ಅದೇ ಕ್ವಾರ್ಟರ್ 1932ರದ್ದಾಗಿದ್ದು ಹಿಂಬದಿ ಹದ್ದಿನ ಕೆಳಗೆ ಡಿ ಅಥವಾ ಎಸ್ ಇದ್ದರೆ ಮಾತು ಬೇರೆ. ಡೆನ್ವರ್‌ನಲ್ಲಿ ಆ ವರ್ಷ 4,36,800, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 4,08,000 ಮಾತ್ರ. ಬೆಳ್ಳಿ ಅಷ್ಟೇ, ಆದರೆ ಸವೆದಿದ್ದರೂ ಬೆಲೆ ಎಷ್ಟೋ ಪಟ್ಟು. 1916ರ ಡೆನ್ವರ್ ಡೈಮ್ 2,64,000. 1909ರ ಸ್ಯಾನ್ ಫ್ರಾನ್ಸಿಸ್ಕೋ ಸೆಂಟಿನ ಹಿಂಬದಿ ಕೆಳಗೆ, ವಿನ್ಯಾಸ ಮಾಡಿದ ವಿಕ್ಟರ್ ಡೇವಿಡ್ ಬ್ರೆನ್ನರ್‌ನ ಮೂರು ಅಕ್ಷರ ಇರೋದು 4,84,000. ಅಕ್ಷರ ದೊಡ್ಡದಾಯಿತು ಅಂತ ಜನ ಗಲಾಟೆ ಮಾಡಿದ್ದಕ್ಕೆ ಕೆಲವೇ ದಿನಗಳಲ್ಲಿ ತೆಗೆದುಹಾಕಿದರು. ಒಂದು ಸೆಂಟಿನ ನಾಣ್ಯಕ್ಕೆ ಬೆಲೆ ತಂದುಕೊಟ್ಟದ್ದು ಆ ಗಲಾಟೆ. ಅದಕ್ಕೇ ಇಸವಿಯ ಜೊತೆ ಆ ಪುಟ್ಟ ಅಕ್ಷರವನ್ನೂ ಓದಬೇಕು. ಸುಮ್ನೆ ಇಸವಿ ಹೇಳಿ "ಎಷ್ಟಾಗುತ್ತೆ?" ಅಂದರೆ ಯಾರೂ ಉತ್ತರ ಕೊಡೋಕಾಗಲ್ಲ.

ಸಂಗ್ರಹದ ಬೆಲೆ ನಿಂತ ನೀರೂ ಅಲ್ಲ. 1903ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹೊಡೆದ ಬೆಳ್ಳಿ ಡಾಲರ್ ಒಂದು ಕಾಲಕ್ಕೆ ಸಾವಿರ ಡಾಲರಿಗೂ ಮೇಲೆ ಬಾಳುತ್ತಿತ್ತು, ಅಷ್ಟು ಅಪರೂಪ. 1962ರ ಕೊನೆಗೆ ಕ್ರಿಸ್‌ಮಸ್‌ಗೆ ಬೆಳ್ಳಿ ಡಾಲರ್ ಬೇಕೆಂದು ಬ್ಯಾಂಕುಗಳು ಕೇಳಿದಾಗ, ಫಿಲಡೆಲ್ಫಿಯಾದಲ್ಲಿ ವರ್ಷಗಟ್ಟಲೆ ಮುಚ್ಚಿದ್ದ ಒಂದು ಭಂಡಾರ ತೆರೆದರು. ಒಳಗೆ ಚೀಲಗಟ್ಟಲೆ ಅದೇ ಡಾಲರ್, ಯಾರ ಕೈಯೂ ಸೋಕದ್ದು! ಬೆಲೆ ನೋಡನೋಡುತ್ತಲೇ ಹತ್ತಾರು ಡಾಲರಿಗೆ ಕುಸಿಯಿತು. ಆಮೇಲೆ ಜನ ಬ್ಯಾಂಕಿಗೆ ನುಗ್ಗಿ ಒಂದು ಡಾಲರ್ ನೋಟು ಕೊಟ್ಟು ಬೆಳ್ಳಿ ಡಾಲರ್ ತೆಗೆದುಕೊಂಡು ಹೋದರು. 1964ರ ಮಾರ್ಚ್‌ನಲ್ಲಿ ಸರ್ಕಾರ ಕೊಡೋದನ್ನೇ ನಿಲ್ಲಿಸಿತು.

ಆ ಒಂದೂವರೆ ವರ್ಷ ದೊಡ್ಡಪ್ಪ ಅಲ್ಲೇ ಇದ್ದರು. ಅವರೂ ಒಂದು ಬೆಳ್ಳಿ ಡಾಲರ್ ತಂದಿದ್ದಾರೆ. ಅದು ಬಾಟಲಿಯಲ್ಲಿ ಇರಲಿಲ್ಲ.

"ದೊಡ್ದು ಒಂದಿತ್ತಲ್ಲ ದೊಡ್ಡಮ್ಮ, ಹೆಂಗಸಿನ ಮುಖ ಇರೋದು?" ಅಂತ ಕೇಳಿದೆ. ಅವರು ಎದ್ದು ದೇವರ ಮನೆಗೆ ಹೋಗಿ ಒಂದು ಕುಂಕುಮದ ಭರಣಿ ತಂದರು. ಅದರಲ್ಲಿ ಎರಡು ನಾಣ್ಯ. ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದೊಳಗೆ ಹಾಕುವ ನಾಣ್ಯಗಳು. ಒಂದು ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ, 1919. ನಮ್ಮ ಅಜ್ಜಿಯದ್ದು. ಇನ್ನೊಂದು ಆ ಡಾಲರ್, ಅಂಗೈ ತುಂಬುವಂಥದ್ದು, 38 ಮಿಲಿಮೀಟರ್ ಅಗಲ. 1921.

ಇದನ್ನು ಮಾರ್ಗನ್ ಡಾಲರ್ ಅನ್ನುತ್ತಾರೆ, ಕೆತ್ತಿದ ಜಾರ್ಜ್ ಮಾರ್ಗನ್ ಹೆಸರಿನಿಂದ. 1878ರಿಂದ 1904ರವರೆಗೆ ಹೊಡೆದು ನಿಲ್ಲಿಸಿದ್ದರು, ಆಮೇಲೆ 1921ರಲ್ಲಿ ಮತ್ತೆ ಹೊಡೆದರು. ತೂಕ 26.73 ಗ್ರಾಂ, ಶೇಕಡ 90 ಬೆಳ್ಳಿ, ಅಂದರೆ 24 ಗ್ರಾಂ ಅಪ್ಪಟ. ದೊಡ್ಡಮ್ಮನ ಡಾಲರ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಐವತ್ತಕ್ಕೂ ಜಾಸ್ತಿ ವರ್ಷ, ಪ್ರತಿ ಶ್ರಾವಣದಲ್ಲೂ ವಿಭೂತಿ ಹಾಕಿ, ಕೆಲವು ವರ್ಷ ಹುಣಸೆಹಣ್ಣೂ ಹಾಕಿ ತಿಕ್ಕಿದ್ದಾರೆ. ಕೂದಲಿನ ಗೆರೆಗಳು ನಯವಾಗಿ ಹೋಗಿವೆ, ಮುಖದ ಮೇಲೆ ಸಣ್ಣ ಸಣ್ಣ ಗೀರು. ನಾಣ್ಯ ಸಂಗ್ರಹಿಸುವವರು ಇಂಥ ಹೊಳಪನ್ನು ಒಪ್ಪುವುದಿಲ್ಲ. ಟಂಕಸಾಲೆಯಿಂದ ಬಂದ ಹೊಳಪು ಬೇರೆ, ತಿಕ್ಕಿದ ಹೊಳಪು ಬೇರೆ. ವರ್ಷಗಳು ಕೂರಿಸಿದ ಕಂದು-ನೀಲಿ ಬಣ್ಣವನ್ನೇ ಅವರು ಇಷ್ಟಪಡುತ್ತಾರೆ. ಅಲ್ಲಿ ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿ ಇದೆ, ವಿಲಿಯಂ ಶೆಲ್ಡನ್ 1949ರಲ್ಲಿ ಮಾಡಿದ್ದು. 60 ಮತ್ತು ಅದಕ್ಕೂ ಮೇಲೆ ಅಂದರೆ ಚಲಾವಣೆಗೇ ಬರದ್ದು. ತಿಕ್ಕಿದ ನಾಣ್ಯಕ್ಕೆ ಸಾಮಾನ್ಯವಾಗಿ ಅಂಕವನ್ನೇ ಕೊಡುವುದಿಲ್ಲ, ತೊಳೆದದ್ದು ಅಂತ ಬರೆದುಬಿಡುತ್ತಾರೆ.

ಆದರೆ ಈ ಡಾಲರ್ ವಿಷಯದಲ್ಲಿ ನನಗೆ ಅಷ್ಟೇನೂ ನೋವಾಗಲಿಲ್ಲ. 1921ರ ಮಾರ್ಗನ್ 8.6 ಕೋಟಿಗೂ ಜಾಸ್ತಿ ಇವೆ, ಮಾರ್ಗನ್‌ಗಳಲ್ಲೇ ಸುಲಭವಾಗಿ ಸಿಗೋದು ಅದು. ತಿಕ್ಕದಿದ್ದರೂ ಬೆಳ್ಳಿ ಬೆಲೆಗಿಂತ ತುಸು ಮೇಲೆ ಅಷ್ಟೇ ಇರುತ್ತಿತ್ತು. ನನ್ನ ಕಣ್ಣು ನೆಟ್ಟದ್ದು ಆ ಎರಡು ಇಸವಿಗಳ ಮೇಲೆ, 1919 ಮತ್ತು 1921. ಈ ಬರಹ ಬರೆಯಲು ಕೂತದ್ದೇ ಇದನ್ನು ಹೇಳಲಿಕ್ಕೆ.

ಮೊದಲನೇ ಮಹಾಯುದ್ಧದ ಕೊನೆಯ ವರ್ಷ ಬ್ರಿಟಿಷರಿಗೆ ಇಂಡಿಯಾದಲ್ಲಿ ಬೆಳ್ಳಿ ಸಾಲದಾಯಿತು. ನಮ್ಮ ಸೈನಿಕರ ಸಂಬಳ, ಇಲ್ಲಿಂದ ಯುದ್ಧಕ್ಕೆ ಕೊಂಡ ಸಾಮಾನು, ಎಲ್ಲಕ್ಕೂ ರೂಪಾಯಿ ಬೇಕು. ಕಾಗದದ ನೋಟು ಕೊಟ್ಟರೆ ಕೇಳಿದವರಿಗೆ ಬೆಳ್ಳಿ ರೂಪಾಯಿ ಕೊಡಬೇಕಿತ್ತು, ಜನ ನೋಟು ನಂಬುತ್ತಿರಲಿಲ್ಲ. ಒಂದು ರೂಪಾಯಿಯ ಕಾಗದದ ನೋಟು ಮೊದಲು ಬಂದದ್ದೇ 1917ರ ನವೆಂಬರ್‌ನಲ್ಲಿ, ಈ ಬೆಳ್ಳಿಯ ಬರದಿಂದಲೇ. 1918ರಲ್ಲಿ ನೋಟು ಹಿಡಿದು ಬೆಳ್ಳಿ ಕೇಳುವವರು ಎಷ್ಟು ಹೆಚ್ಚಿದರೆಂದರೆ ಸರ್ಕಾರದ ಬೆಳ್ಳಿ ತಳ ಕಂಡಿತು. ಬ್ರಿಟಿಷರು ಅಮೆರಿಕದ ಬಾಗಿಲು ತಟ್ಟಿದರು. ಅಲ್ಲಿ ಖಜಾನೆಯಲ್ಲಿ ಕೋಟಿಗಟ್ಟಲೆ ಮಾರ್ಗನ್ ಡಾಲರ್ ಸುಮ್ಮನೆ ಬಿದ್ದಿದ್ದವು. 1918ರ ಏಪ್ರಿಲ್‌ನಲ್ಲಿ ಪಿಟ್‌ಮನ್ ಕಾಯ್ದೆ ಬಂತು. 27 ಕೋಟಿ ಬೆಳ್ಳಿ ಡಾಲರ್‌ಗಳನ್ನು ಕರಗಿಸಿದರು. ಅದರಲ್ಲಿ ಸುಮಾರು 26 ಕೋಟಿ ಡಾಲರ್‌ಗಳ ಬೆಳ್ಳಿ ಬ್ರಿಟನ್ನಿಗೆ ಮಾರಾಟವಾಯಿತು, ಔನ್ಸಿಗೆ ಒಂದು ಡಾಲರ್ ಲೆಕ್ಕದಲ್ಲಿ. ಗಟ್ಟಿಗಳಾಗಿ ಹಡಗು ಹತ್ತಿ ಆ ಬೆಳ್ಳಿ ಇಲ್ಲಿಗೆ ಬಂತು, ನಮ್ಮ ಟಂಕಸಾಲೆಗಳಲ್ಲಿ ರೂಪಾಯಿ ಆಯಿತು.

ಲೆಕ್ಕ ಹಾಕಿ ನೋಡಿ, 6,200 ಟನ್ನಿಗೂ ಮೇಲೆ ಬೆಳ್ಳಿ. ಜಾರ್ಜ್ ರೂಪಾಯಿ 11.66 ಗ್ರಾಂ, ಅದೇ ನಮ್ಮ ಹಿರಿಯರ ಒಂದು ತೊಲ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ 10.7 ಗ್ರಾಂ. ಒಂದು ಮಾರ್ಗನ್ ಡಾಲರ್ ಕರಗಿಸಿದರೆ ಎರಡೂ ಕಾಲು ರೂಪಾಯಿ ಆಗುತ್ತೆ. ಅಜ್ಜಿಯ 1919ರ ರೂಪಾಯಿಯಲ್ಲಿ ಆ ಬೆಳ್ಳಿ ಇರಬಹುದು. ಇಂಥ ನಾಣ್ಯದಲ್ಲೇ ಇದೆ ಅಂತ ತೋರಿಸೋಕಾಗಲ್ಲ, ಬೆಳ್ಳಿಗೆ ಹೆಸರು ಬರೆದಿರಲ್ಲ. ಆದರೆ ಆ ವರ್ಷಗಳ ರೂಪಾಯಿಗಳು ಬಹಳಷ್ಟು ಆ ಬೆಳ್ಳಿಯಿಂದಲೇ ಬಂದವು.

ಇನ್ನು 1921 ಯಾಕೆ? ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿತ್ತು. ಕರಗಿಸಿದಷ್ಟು ಡಾಲರ್ ಮತ್ತೆ ಹೊಡೆಯಬೇಕು, ಅದಕ್ಕೆ ಅಮೆರಿಕದ ಗಣಿಗಳ ಬೆಳ್ಳಿಯನ್ನೇ ಔನ್ಸಿಗೆ ಒಂದು ಡಾಲರ್ ಕೊಟ್ಟು ಕೊಳ್ಳಬೇಕು. ಪಿಟ್‌ಮನ್ ಬೆಳ್ಳಿ ಗಣಿಗಳ ನೆವಾಡಾ ರಾಜ್ಯದ ಸೆನೆಟರ್, ತನ್ನ ಜನರನ್ನು ಮರೆಯಲಿಲ್ಲ. ಹದಿನೇಳು ವರ್ಷ ನಿಂತಿದ್ದ ಮಾರ್ಗನ್ ಡಾಲರ್ 1921ರಲ್ಲಿ ಮತ್ತೆ ಶುರುವಾದದ್ದು ಹೀಗೆ. ಇಂಡಿಯಾಗೆ ಹೋದ ಡಾಲರ್‌ಗಳ ಖಾಲಿ ಜಾಗ ತುಂಬಲು.

ಒಂದು ನಾಣ್ಯ ಬಹುಶಃ ಇಲ್ಲಿಗೆ ಬಂದ ಬೆಳ್ಳಿ, ಇನ್ನೊಂದು ಅದರ ಬದಲಿಗೆ ಅಲ್ಲಿ ಹುಟ್ಟಿದ್ದು. ಎರಡೂ ಮಂಡ್ಯದ ಒಂದು ಮನೆಯ ಕಲಶದಲ್ಲಿ ಐವತ್ತು ವರ್ಷದಿಂದ ಒಟ್ಟಿಗಿವೆ, ಯಾರೂ ಜೋಡಿಸಿದ್ದಲ್ಲ. ನಾನು ಎಷ್ಟೋ ಸಲ ಪಿಟ್‌ಮನ್ ಕಾಯ್ದೆಯ ಬಗ್ಗೆ ಓದಿದ್ದೆ. ಎರಡನ್ನೂ ಒಂದೇ ಅಂಗೈಯಲ್ಲಿ ಹಿಡಿದಾಗ ಮೈ ಜುಮ್ ಅಂದಿತು.

ಆ ಕರಗಿಸುವಿಕೆಯಿಂದ ಸಂಗ್ರಹಗಾರರಿಗೂ ಒಂದು ಫಜೀತಿ ಉಳಿಯಿತು. ಯಾವ ವರ್ಷದ, ಯಾವ ಟಂಕಸಾಲೆಯ ಡಾಲರ್ ಎಷ್ಟು ಕರಗಿತು ಅಂತ ಲೆಕ್ಕ ಇಡಲಿಲ್ಲ. ಹಾಗಾಗಿ ಮಾರ್ಗನ್ ಡಾಲರ್‌ನಲ್ಲಿ ಎಷ್ಟು ಹೊಡೆದರು ಅನ್ನೋ ಸಂಖ್ಯೆಯನ್ನು ನಂಬಿ ಬೆಲೆ ಕಟ್ಟಬಾರದು. ಕೋಟಿ ಹೊಡೆದದ್ದೂ ಅಪರೂಪ ಇರಬಹುದು.

ನಕಲಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಮೈಸೂರಿನ ಅರಮನೆ ಸುತ್ತಮುತ್ತ ರಸ್ತೆಬದಿಯಲ್ಲಿ ಹಳೇ ನಾಣ್ಯ ಅಂತ ಮಾರುವವರ ಬಳಿ ಅಮೆರಿಕದ ದೊಡ್ಡ ಬೆಳ್ಳಿ ಡಾಲರ್‌ಗಳು ಸಿಗುತ್ತವೆ. 1799, 1804, ಇಲ್ಲವೇ ಟ್ರೇಡ್ ಡಾಲರ್. ಕಾಲೇಜಿನಲ್ಲಿದ್ದಾಗ ನಾನೂ ಒಂದು ಟ್ರೇಡ್ ಡಾಲರ್ ಕೊಂಡಿದ್ದೆ, 600 ರೂಪಾಯಿಗೆ, ಆಗ ನನಗದು ಒಂದು ತಿಂಗಳ ಖರ್ಚು. ನಿಜವಾದ ಟ್ರೇಡ್ ಡಾಲರ್ ಚೀನಾ ವ್ಯಾಪಾರಕ್ಕೆಂದೇ 1873ರಿಂದ ಹೊಡೆದದ್ದು, 420 ಗ್ರೇನ್ ಅಂತ ಅದರ ಮೇಲೇ ಬರೆದಿರುತ್ತೆ, ಅಂದರೆ 27.2 ಗ್ರಾಂ. ನನ್ನದು 19 ಗ್ರಾಂ ಬಂತು. ಅಯಸ್ಕಾಂತಕ್ಕೂ ಅಂಟಿತು. ಬೆಳ್ಳಿ ಅಂಟುವುದಿಲ್ಲ. ಇನ್ನು 1804ರ ಡಾಲರ್ ಇಡೀ ಜಗತ್ತಿಗೆ ಹದಿನೈದು-ಹದಿನಾರು ಇವೆ, ಅದು ಫುಟ್‌ಪಾತಿಗೆ ಬರುವುದಿಲ್ಲ. ದಯವಿಟ್ಟು ತೂಕ ನೋಡದೆ ಕೊಳ್ಳಬೇಡಿ.

ವಾಟ್ಸಾಪ್‌ನಲ್ಲಿ ಬರುವ "ಹಳೇ ನಾಣ್ಯ ಇದ್ದರೆ ಲಕ್ಷ ಕೊಡ್ತೀವಿ" ಅನ್ನೋರನ್ನೂ ದೂರ ಇಡಿ. ಮೊದಲು ಶುಲ್ಕ ಕಟ್ಟಿ ಅಂತಾರೆ, ರಿಸರ್ವ್ ಬ್ಯಾಂಕಿನ ಹೆಸರು ಹೇಳುತ್ತಾರೆ. ನಮಗೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಆ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಅಣ್ಣ ಫೋನಿನಲ್ಲಿ "ಎಲ್ಲಾ ಇಲ್ಲಿಗೆ ಕಳಿಸು, ಇಲ್ಲೇ ಮಾರೋಣ" ಅಂದ. ನೂರು ವರ್ಷ ದಾಟಿದ ನಾಣ್ಯ ದೇಶದಿಂದಾಚೆ ಕಳಿಸಲು 1972ರ ಪ್ರಾಚ್ಯವಸ್ತು ಕಾಯ್ದೆ ಬಿಡುವುದಿಲ್ಲ ಅಂತ ಹೇಳಿದೆ. ಆ ರೂಪಾಯಿ, ಆ ಡಾಲರ್ ಎರಡೂ ನೂರು ದಾಟಿವೆ.

ಕೊನೆಗೆ ದೊಡ್ಡಮ್ಮನ ಜೊತೆ ಕೂತು ತೀರ್ಮಾನ ಮಾಡಿದೆವು. ಸವೆದ ಡೈಮ್, ಕ್ವಾರ್ಟರ್‌ಗಳನ್ನು ದೀಪಕ್ಕೆ ಕೊಡೋದರಲ್ಲಿ ತಪ್ಪಿಲ್ಲ ಅಂದೆ. ನಾಣ್ಯದ ಹುಚ್ಚಿನವರು ಕೆಲವರು ನನ್ನ ಮೇಲೆ ಸಿಟ್ಟಾಗಬಹುದು. ಆದರೆ ಆ ಇಸವಿಯವು ಕೋಟಿಗಟ್ಟಲೆ ಇವೆ, ಪಾಪುವಿನ ಮದುವೆ ಒಂದೇ. 1944ರ ಒಂದು ಡೈಮ್ ಮಾತ್ರ ತೆಗೆದಿಟ್ಟುಕೊಂಡೆ. ರೆಕ್ಕೆಯ ಟೋಪಿ ಹಾಕಿದ ಮುಖ, ಅಡಾಲ್ಫ್ ವೈನ್‌ಮನ್ ಕೆತ್ತಿದ್ದು. ಬೆಲೆ ದೊಡ್ಡದೇನಲ್ಲ, ಇಷ್ಟು ಚಂದದ ಸಣ್ಣ ನಾಣ್ಯ ನಾನು ಬೇರೆ ನೋಡಿಲ್ಲ. 1964ರ ಕೆನಡಿಯನ್ನೂ ದೊಡ್ಡಪ್ಪನ ನೆನಪಿಗೆ ಇಟ್ಟುಕೊಂಡೆವು. ಉಳಿದ ಡೈಮ್, ಕ್ವಾರ್ಟರ್‌ಗಳಿಗೆ ಹಳೇ ಬೆಳ್ಳಿ ಪಾತ್ರೆಯನ್ನೂ ಸೇರಿಸಿ ಮೈಸೂರಿನ ಅಶೋಕ ರಸ್ತೆಯ ಹತ್ತಿರ ಒಬ್ಬ ಅಕ್ಕಸಾಲಿಗರಿಗೆ ಕೊಟ್ಟೆ. ತೂಗುವ ಮೊದಲೇ "ಈ ನಾಣ್ಯಗಳು 90 ಟಚ್, ಅಂದರೆ ನೂರಕ್ಕೆ 90 ಬೆಳ್ಳಿ, 25 ಗ್ರಾಂಗೆ ಇಪ್ಪತ್ತೆರಡೂವರೆ" ಅಂದೆ. ಅವರು ಒಂದನ್ನು ಒರೆಗಲ್ಲಿಗೆ ಉಜ್ಜಿ ನೋಡಿ, "ಸರಿಯಾಗೇ ಹೇಳಿದ್ರಿ" ಅಂದರು. ಅವರ ಚೀಟಿಯಲ್ಲಿ ಬರೆದ ತೂಕಕ್ಕೂ ನನ್ನ ತಕ್ಕಡಿಗೂ ಕೂದಲೆಳೆ ವ್ಯತ್ಯಾಸ ಇರಲಿಲ್ಲ.

ಡಾಲರ್ ಮತ್ತು ರೂಪಾಯಿಯನ್ನು ಕರಗಿಸುವ ಮಾತೇ ಬರಲಿಲ್ಲ. ಎರಡರ ಕಥೆಯನ್ನೂ ದೊಡ್ಡಮ್ಮನಿಗೆ ಹೇಳಿದ್ದೆ. ಅವರು ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಇದು ಅದರ ತಮ್ಮ ಅನ್ನು" ಅಂದರು.

ಮೊನ್ನೆ ಶುಕ್ರವಾರ ಹಬ್ಬಕ್ಕೆ ಹೋಗಿದ್ದೆ. ದೊಡ್ಡಮ್ಮ ಅಭ್ಯಾಸಬಲದಿಂದ ವಿಭೂತಿ ಉಂಡೆ ತೆಗೆದುಕೊಂಡವರು ನನ್ನ ಮುಖ ನೋಡಿ ಅದನ್ನು ಕೆಳಗಿಟ್ಟರು. ಎರಡನ್ನೂ ನೀರಿನಲ್ಲಿ ಅದ್ದಿ, ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಒತ್ತಿ ಒರೆಸಿ ಕಲಶಕ್ಕೆ ಹಾಕಿದರು. ಅಕ್ಕಿಯ ಮೇಲೆ ಮೊದಲು ರೂಪಾಯಿ, ಅದರ ಮೇಲೆ ಡಾಲರ್.